ಮಾಸ್ತಿಕಲ್ಲಿನ ಆರು ಸಾಲು

"ಹೊನ್ನಿ, ನಿಲ್ಲು! ಎಣ್ಣೆ ಸುರೀಬೇಡ!"

ಗಂಗೂಬಾಯಿ ಕೂಗಿದ ಜೋರಿಗೆ ತೆಂಗಿನ ಮರದ ಕಾಗೆಗಳೆಲ್ಲ ಒಟ್ಟಿಗೇ ಹಾರಿದ್ವು.

ಹೊನ್ನಿಯ ಕೈ ಅರ್ಧಕ್ಕೇ ನಿಂತಿತು. ಗಿಂಡಿಯ ಬಾಯಲ್ಲಿ ಹೊನ್ನೆಕಾಯಿ ಎಣ್ಣೆ ಇನ್ನೇನು ಬೀಳ್ಬೇಕು ಅನ್ನೋ ಹಾಗೆ ತೂಗಾಡ್ತಾ ಇತ್ತು.

"ಎಂತಕೆ ಅಮ್ಮಾ? ಇವತ್ತು ಅಮಾಸೆ ಅಲ್ದಾ? ಎಣ್ಣೆ ಬಿಡ್ದಿದ್ರೆ ಮಾಸ್ತಿಗೆ ಸಿಟ್ಟು ಬತ್ತು."

"ಅವಳ ಸಿಟ್ಟು ನಾನು ನೋಡ್ಕೊಳ್ತೇನೆ ಮಾರಾಯ್ತಿ. ಮೊದಲು ನಿನ್ನ ಗಂಡನ ಕುತ್ತಿಗೆ."

ಹೊನ್ನಿ ಗಿಂಡಿ ಕೆಳಗಿಟ್ಟಳು. ಕೊರಳಿನ ಮಣಿಸರಗಳು ಒಂದಕ್ಕೊಂದು ತಾಗಿ ಸದ್ದಾಯ್ತು. ಅಷ್ಟೇ ಸದ್ದು. ಆರು ಮನೆಯ ಆ ಕೇರಿಯಲ್ಲಿ ಒಂದು ನಾಯಿ ಕೂಡ ಬೊಗಳ್ತಿರಲಿಲ್ಲ. ಬಾಗಿಲ ಸಂದಿಯಿಂದ ಹೆಂಗಸರು ನೋಡ್ತಾ ಇದ್ರು, ಯಾರೂ ಹೊರಗೆ ಬರ್ತಿರಲಿಲ್ಲ.

ಮಂಜಗುಣಿ ದಾಟಿ, ಗಂಗಾವಳಿ ಹೊಳೆ ಸಮುದ್ರಕ್ಕೆ ಸೇರೋ ಜಾಗ ಅದು. ಕೆಳಗೆ ಉಪ್ಪುನೀರಿನ ಗಜನಿ ಗದ್ದೆ, ಮೇಲೆ ಹುಲ್ಲಿನ ಬೇಣ, ನಡುವೆ ಈ ಆರು ಗುಡಿಸಲು. ಅವುಗಳ ಮಧ್ಯೆ, ಎದೆ ಮಟ್ಟಕ್ಕೆ ಬರೋ ಕರೀ ಕಲ್ಲು. ಅದೇ ಮಾಸ್ತಿ.

ಕಲ್ಲಿನ ಬರಹದ ಅಚ್ಚು ತೆಗೆಯೋ ತುಳಸಿದಾಸನನ್ನ 'ನಾನೇ ಕೊಂದೆ' ಅಂತ ಹೆಬ್ಬೆಟ್ಟು ಒತ್ತಿ, ಹೊನ್ನಿಯ ಗಂಡ ಬೊಮ್ಮು ಗೌಡ ಕಾರವಾರದ ಲಾಕಪ್ಪಿನಲ್ಲಿ ಕೂತಿದ್ದ. ನಾಳೆ ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ಹಾಜರಿ. ಆಮೇಲೆ ಸೆಷನ್ಸ್. ಆಮೇಲೆ ಹಗ್ಗ.

ನಾನು ಮಾದೇವ, ಬೊಮ್ಮುವಿನ ಪರ ನಿಂತಿರೋ ರಾಮನಾಥ ವಕೀಲರ ಆಫೀಸಿನಲ್ಲಿ ಟೈಪ್ ಹೊಡೆಯೋನು. ಅವನ ಹೇಳಿಕೆ ಟೈಪ್ ಮಾಡಿದ್ದು ನಾನೇ. 'ನಾನೇ ಹೊಡ್ದೆ' ಅಂತಾನೆ. ಯಾವುದರಿಂದ ಹೊಡೆದೆ ಅಂದ್ರೆ ನೆಲ ನೋಡ್ತಾನೆ. ಯಾಕೆ ಹೊಡೆದೆ ಅಂದ್ರೂ ನೆಲ ನೋಡ್ತಾನೆ. ನಂಗೆ ನಿದ್ದೆ ಬರ್ಲಿಲ್ಲ. ವಕೀಲರಿಗೆ ಹೇಳದೇ, ಭಾನುವಾರದ ರಜೆ ನೋಡಿ, ಗಂಗೂಬಾಯಿಯವರನ್ನ ಮೋಟಾರು ಸರ್ವಿಸಿನಲ್ಲಿ ಅಂಕೋಲೆಗೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಕರ್ಕೊಂಡು ಬಂದೆ.

ಗಂಗೂಬಾಯಿ ಅಂದ್ರೆ ಕಾರವಾರದ ಕೋರ್ಟಿಗೆಲ್ಲ ಗೊತ್ತು. ಮರಾಠಿಯ ಹಳೇ ಮೋಡಿ ಅಕ್ಷರದ ಕಾಗದ ಓದೋಕೆ ಬರದೆ ಒದ್ದಾಡೋ ವಕೀಲರು ಕೊನೆಗೆ ಅವರ ಜಗುಲಿಗೇ ಬರ್ಬೇಕು. ಅಪ್ಪ ಮೋಡಿ ಕಾರಕೂನರು, ಮಗನಿಲ್ಲ ಅಂತ ಮಗಳಿಗೇ ಕಲಿಸಿದ್ರು. ಐವತ್ತು ದಾಟಿದ ವಿಧವೆ, ಸೊಂಟದಲ್ಲಿ ನಶ್ಯದ ಡಬ್ಬಿ, ನಾಲಗೆಯ ಮೇಲೆ ಖಾರ.

"ಮಾದೇವಾ, ಕಣ್ಣು ಬಿಟ್ಕೊಂಡು ನಿಲ್ಬೇಡ. ಇಲ್ಲಿ ಬಾ, ಕೈ ಮೇಲೆ ಉಗುರು ಹಾಕು."

"ಯಾರ ಕೈ ಬಾಯಿ?"

"ನನ್ನ ಕೈ ಹಿಡೀತೀಯಾ ಈ ವಯಸ್ಸಲ್ಲಿ? ಕಲ್ಲಿನ ಕೈಯೋ!"

ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ನಡುವೆ ಬಳೆ ತೊಟ್ಟ ಒಂದು ಹೆಣ್ಣಿನ ಕೈ ಮೇಲಕ್ಕೆತ್ತಿ ನಿಂತಿತ್ತು. ಗಂಡನ ಚಿತೆಗೆ ಹೋದ ಯಾವಳೋ ಒಬ್ಬಳ ಕೈ. ನಾನು ಬಳೆಯ ಸಂದಿಗೆ ಉಗುರು ಹಾಕಿದೆ. ಡಾಂಬರಿನ ಹಾಗೆ ಕಪ್ಪಗೆ, ದಪ್ಪಗೆ, ಕಮಟು ವಾಸನೆಯ ಚಕ್ಕೆ ಎದ್ದು ಬಂತು. ಅಜ್ಜಿಯ ಅಜ್ಜಿಯ ಕಾಲದಿಂದ ಅಮಾಸೆ ಅಮಾಸೆಗೆ ಸುರಿದ ಎಣ್ಣೆ.

"ಈಗ ಕೆಳಗೆ, ಅಕ್ಷರಕ್ಕೆ ಹಾಕು."

ಕೈಯ ಕೆಳಗೆ ಆರು ಸಾಲು ಬರಹ ಇತ್ತು. ಮೊದಲ ಸಾಲಿನ ಒಂದು ಅಕ್ಷರದ ಒಳಗೆ ಉಗುರು ಓಡಿಸಿದೆ.

ಏನೂ ಬರಲಿಲ್ಲ. ತೆಳ್ಳಗೆ ಜಿಡ್ಡು, ಅಷ್ಟೇ. ಕೆಳಗೆ ಕಲ್ಲು ಬೆಳ್ಳಗೆ, ಚೂಪಾಗಿ. ಉಗುರು ಕುಯ್ದೇ ಹೋಯ್ತು.

"ಬಾಯಿ..."

"ಹೂಂ. ಕೈಗೆ ನೂರಾರು ವರ್ಷದ ಎಣ್ಣೆ, ಅಕ್ಷರಕ್ಕೆ ನಿನ್ನೆ ಮೊನ್ನೆಯದು. ಒಂದೇ ಕಲ್ಲು, ಒಂದೇ ಗಿಂಡಿ. ಅಕ್ಷರ ಮಾತ್ರ ಕೊಡೆ ಹಿಡ್ಕೊಂಡಿತ್ತಾ?"

ಈ ಆರು ಸಾಲಿನ ಮೇಲೇ ಅಲ್ವಾ ಎಲ್ಲ ನಿಂತಿರೋದು! ಬೇಣ, ಗಜನಿ ಎರಡೂ ನಮ್ಮ ಹಿರಿಯರಿಗೆ ಅರಸರು ಕೊಟ್ಟದ್ದು, ಕಲ್ಲಲ್ಲೇ ಬರೆದಿದೆ ಅಂತ ಜಮೀನುದಾರ ವಿಠೋಬ ಒಡೆಯರು ದಾವೆ ಹಾಕಿದ್ರು. ಕಲ್ಲನ್ನ ಕೋರ್ಟಿಗೆ ಹೊತ್ತು ತರೋಕಾಗಲ್ಲ. ಅದಕ್ಕೇ ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆದುಕೊಂಡು ಬಾ ಅಂತ ತುಳಸಿದಾಸನನ್ನ ಕಳಿಸಿದ್ರು. ತೆಗೆದ. ಮಾರನೇ ಬೆಳಿಗ್ಗೆ ಬಳಚು ಚಿಪ್ಪಿ ಹೆಕ್ಕೋಕೆ ಹೋದ ಹೆಂಗಸರಿಗೆ ಅವನ ಹೆಣ ಹೊಳೆಯ ಕೆಸರಲ್ಲಿ ಸಿಕ್ತು. ತಲೆ ಒಡೆದಿತ್ತು. ಅಚ್ಚಿನ ಕಾಗದ ಮಾಯ. ಬಡಿಯೋ ಕುಂಚ ಮಾತ್ರ ಬೊಮ್ಮುವಿನ ಕೊಟ್ಟಿಗೆಯಲ್ಲಿ.

ಗಂಗೂಬಾಯಿ ಮಂಡಿಯೂರಿ ಕೂತು, ಅಕ್ಷರದ ಮೇಲೆ ಬೆರಳಾಡಿಸ್ತಾ ತಮ್ಮಷ್ಟಕ್ಕೇ ಮಾತಾಡೋಕೆ ಶುರು ಮಾಡಿದ್ರು.

"ಅಕ್ಷರಕ್ಕೂ ವಯಸ್ಸಾಗ್ತದೆ ಮಾದೇವಾ. ನಮ್ಮ ಕನ್ನಡದ ಅಕ್ಷರ ಇಷ್ಟು ದುಂಡಗೆ ಯಾಕೆ ಗೊತ್ತಾ? ತಾಳೆಗರಿ. ಕಬ್ಬಿಣದ ಕಂಟದಿಂದ ನೆಟ್ಟಗೆ ಗೀರಿದ್ರೆ ಗರಿ ಸೀಳ್ತದೆ. ಅದಕ್ಕೇ ಸುತ್ತಿ ಸುತ್ತಿ ಬರೆದ್ರು. ಮೋಡಿ ನೋಡು, ಕಾಗದ ಬಂದ ಮೇಲಿನದು. ಲೇಖಣಿ ಎತ್ತದೇ ಓಡ್ತದೆ, ಪೇಶ್ವೆಯ ಕುದುರೆ ಹಾಗೆ. ಬರೆಯೋದು ಯಾವುದರ ಮೇಲೋ ಅಕ್ಷರ ಹಾಗೇ ಬಗ್ತದೆ. ಈಗ ಹೇಳು, ಇದು ಯಾವುದರ ಮೇಲೆ ಹುಟ್ಟಿದ್ದು?"

"ಕಲ್ಲಿನ ಮೇಲೆ."

"ನಿನ್ನ ತಲೆ! ಗೀಟು ನೋಡು. ಒಂದು ಕಡೆ ದಪ್ಪ, ಒಂದು ಕಡೆ ಎಳೆ. ಉಳಿಗೆ ಈ ವೈಯಾರ ಯಾಕೆ ಬೇಕು? ಇದು ಸೀಸದ ಮೊಳೆ. ಶಾಲೆ ಪುಸ್ತಕದಲ್ಲಿ ಅಚ್ಚು ಹಾಕ್ತಾರಲ್ಲ, ಅದನ್ನ ಎದುರಿಗಿಟ್ಕೊಂಡು ಯಾರೋ ಬರೆದುಕೊಟ್ಟಿದಾರೆ. ಮತ್ತೆ ಈ ಜಾಗ ಬಿಟ್ಟಿದ್ದು ನೋಡು, ಶಬ್ದಕ್ಕೂ ಶಬ್ದಕ್ಕೂ ನಡುವೆ. ಹಳೇ ಶಾಸನದಲ್ಲಿ ಹೀಗೆ ಬಿಡಿಸಿ ಬರೆಯೋ ರೂಢಿ ಎಲ್ಲಿತ್ತು? ಉಸಿರು ಬಿಡದೇ ಬರೀತಿದ್ರು. ನಾಕು ನೂರು ವರ್ಷದ ಹಿಂದೆ ಸತ್ತವನು ಪೂರ್ಣವಿರಾಮ ಬೇರೆ ಹಾಕಿ ಹೋಗಿದಾನೆ, ಬಹಳ ಓದಿದವ!"

ನಾನು ಚಪ್ಪಾಳೆ ತಟ್ಟೋದೊಂದು ಬಾಕಿ.

"ಅಂದ್ರೆ ಮುಗೀತು ಬಾಯಿ! ಶಾಸನ ಸುಳ್ಳು. ತುಳಸಿದಾಸನಿಗೆ ಅದು ಗೊತ್ತಾಗಿತ್ತು. ಬಾಯಿ ಮುಚ್ಚಿಸೋಕೆ ಒಡೆಯರೇ ಕೊಲ್ಲಿಸಿದ್ರು. ಬೊಮ್ಮು ಬಿಡುಗಡೆ!"

"ಮೆಲ್ಲಗೆ," ಅಂದ್ರು ಗಂಗೂಬಾಯಿ. "ನಿನ್ನ ಒಡೆಯರು ಹಿಂದೆ ನಿಂತಿದಾರೆ."

ತಿರುಗಿ ನೋಡಿದೆ. ಮಾವಿನ ಮರದ ನೆರಳಲ್ಲಿ ಕರಿ ಟೋಪಿ, ಇಸ್ತ್ರಿ ಕೋಟು, ಬೆಳ್ಳಿ ಹಿಡಿಯ ಬೆತ್ತ. ಎಷ್ಟು ಹೊತ್ತಿಂದ ನಿಂತಿದ್ರೋ ಏನೋ. ಬಾಗಿಲ ಸಂದಿಯ ಮುಖಗಳೆಲ್ಲ ಒಳಗೆ ಸರಿದ್ವು.

"ಏನು ಗಂಗೂಬಾಯಿ, ಕಾರವಾರದಲ್ಲಿ ಓದೋಕೆ ಕಾಗದ ಮುಗೀತಾ? ಕಲ್ಲಿನ ತನಕ ಬಂದ್ರಿ?"

"ಕಾಗದ ಸುಳ್ಳು ಹೇಳಿದ್ರೆ ಒಲೆಗೆ ಹಾಕ್ಬಹುದು ಒಡೇರೇ. ಕಲ್ಲು ಸುಳ್ಳು ಹೇಳಿದ್ರೆ ಎಲ್ಲಿ ಹಾಕೋದು ಅಂತ ನೋಡೋಕೆ ಬಂದೆ."

ವಿಠೋಬ ಒಡೆಯರು ನಕ್ಕರು. ಸಿಟ್ಟು ಬರ್ಲಿಲ್ಲ, ಹೆದರಲೂ ಇಲ್ಲ. ಅದಕ್ಕೇ ನಂಗೆ ಹೆದರಿಕೆ ಆಯ್ತು.

"ಸುಳ್ಳು ಅಂತ ನಂಗೂ ಗೊತ್ತು. ತುಳಸಿದಾಸನೇ ಹೇಳಿದ. ಅಚ್ಚು ತೆಗೆದ ಸಂಜೆ ನಮ್ಮ ಜಗುಲಿಗೆ ಬಂದು, 'ಒಡೇರೇ, ದಾವೆ ಬಿಡಿ, ಆ ಬರಹ ಸುಳ್ಳು' ಅಂದ. ಮುಖ ಬಿಳಿಚಿಕೊಂಡಿತ್ತು. ಚಾ ಕೊಟ್ರೆ ಕುಡೀಲಿಲ್ಲ."

"ನೀವು ಏನಂದ್ರಿ?"

"ಯೋಚನೆ ಮಾಡ್ತೇನೆ ಅಂದೆ."

"ಯೋಚನೆ ಮಾಡೋ ಅಷ್ಟರಲ್ಲಿ ಅವನು ಹೆಣ ಆದ. ನಿಮಗೆ ಅನುಕೂಲವೇ ಆಯ್ತು."

ಒಡೆಯರ ಬೆತ್ತ ನೆಲಕ್ಕೆ ಬಡೀತು.

"ಬಾಯಿ! ನಾಲಗೆ ಸಡಿಲ ಬಿಡ್ಬೇಡಿ. ಈ ಕಲ್ಲಲ್ಲಿ ನಮ್ಮ ಹಿರಿಯರ ಹೆಸರಿದೆ ಅಂತ ನನ್ನ ಹತ್ರ ಬಂದು ಹೇಳಿದವರು ಬೇರೆ. ನಾನಾಗಿ ಈ ಕೇರಿಗೆ ಕಾಲಿಟ್ಟವನಲ್ಲ."

"ಯಾರು ಹೇಳಿದ್ದು?"

ಒಡೆಯರು ಒಂದು ಸಲ ನನ್ನ ಮುಖ ನೋಡಿದ್ರು. ಯಾಕೆ ನನ್ನ ಮುಖ ಅಂತ ಆಗ ಗೊತ್ತಾಗಲಿಲ್ಲ.

"ನೀವು ಬುದ್ಧಿವಂತರು," ಅಂದ್ರು ಆಮೇಲೆ, ಸ್ವರ ಇಳಿಸಿ. "ಅಕ್ಷರ ಹೊಸದು ಅಂತ ನಾಳೆ ಕೋರ್ಟಲ್ಲಿ ಹೇಳಿ, ಬೇಡ ಅನ್ನಲ್ಲ. ಆದ್ರೆ ಒಂದು ಮಾತು. ಕರೀ ಕಲ್ಲು ಇದು. ಆರು ಸಾಲು ಕೆತ್ತೋಕೆ ದಿನಗಟ್ಟಲೆ ಉಳಿ ಬಡೀಬೇಕು. ಆ ಸದ್ದು ಹೊಳೆಯ ಆಚೆ ದಡಕ್ಕೂ ಕೇಳ್ತದೆ. ಸುತ್ತ ಆರು ಮನೆ. ಒಬ್ಬರಿಗೂ ಕೇಳ್ಲಿಲ್ಲವಾ?"

ಗಂಗೂಬಾಯಿಯ ಕಣ್ಣು ಆರು ಬಾಗಿಲಿನ ಮೇಲೂ ಒಂದೊಂದಾಗಿ ಓಡಿತು.

"ಇವರ ದೇವರ ಮೈಮೇಲೆ ಉಳಿ ಹಾಕಿದ್ರೆ ಈ ಜನ ಸುಮ್ಮನೆ ನೋಡ್ತಾ ಕೂರ್ತಾರಾ? ಕೇಳಿ, ಆ ಹೆಂಗಸನ್ನೇ ಕೇಳಿ. ಅಕ್ಷರ ಸುಳ್ಳು ಅಂತ ನೀವು ಎಷ್ಟು ಚೆನ್ನಾಗಿ ಹೇಳ್ತೀರೋ, ಇವರ ಕಣ್ಣೆದುರೇ ಕೆತ್ತಿದ ಆ ಸುಳ್ಳು ಹೊರಗೆ ಬರದ ಹಾಗೆ ತುಳಸಿದಾಸನನ್ನ ಕೊಲ್ಲೋಕೆ ಬೊಮ್ಮುವಿಗೆ ಅಷ್ಟು ಗಟ್ಟಿ ಕಾರಣ ಸಿಗ್ತದೆ."

ಅವರು ಬೆತ್ತ ಬೀಸಿಕೊಂಡು ಇಳಿಜಾರಿನಲ್ಲಿ ಹೋಗೇ ಬಿಟ್ರು.

ಗಂಗೂಬಾಯಿ ಡಬ್ಬಿ ತೆಗೆದು ನಶ್ಯ ಏರಿಸಿದ್ರು, ಸೀನು ಬರ್ಲಿಲ್ಲ. ಹೊಳೆಯ ಕಡೆಯಿಂದ ಉಬ್ಬರದ ನೀರು ಗಜನಿಯ ಕಟ್ಟೆಗೆ ತಾಗೋ ಸದ್ದು ಬರ್ತಾ ಇತ್ತು.

"ಹೊನ್ನಿ," ಅಂದ್ರು ಬಾಯಿ, ಕಲ್ಲನ್ನೇ ನೋಡ್ತಾ. "ಪ್ರತಿ ಸಾಲಿನ ತುದಿಗೂ ಒಂದೊಂದು ಕುಂಕುಮದ ಬೊಟ್ಟು ಇದೆ. ಯಾರು ಇಟ್ಟದ್ದು?"

ಹೌದು! ನಾನು ನೋಡಿಯೂ ನೋಡಿರಲಿಲ್ಲ. ಆರು ಸಾಲು, ಆರು ಬೊಟ್ಟು. ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಒರೆಸಿ ಹೋದದ್ದು. ಆರೂ ಬೇರೆ ಬೇರೆ ಕೈಯವು.

ಹೊನ್ನಿ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡಳು.

"ಹೇಳು ಮಗಾ. ಎಲ್ಲ ದೇವರಿಗೂ ಹಣೆಗೆ ಬೊಟ್ಟು ಇಡ್ತಾರೆ. ನೀವು ಸಾಲಿಗೆ ಇಡ್ತೀರಿ. ಯಾಕೆ?"

"ಒಂದೊಂದ್ ಮನೆಗೆ ಒಂದೊಂದ್ ಸಾಲು ಅಮ್ಮಾ."

"ಏನಂದೆ?"

"ಆರ್ ಮನೆ, ಆರ್ ಸಾಲು." ಹೊನ್ನಿಯ ಮುಖದಲ್ಲಿ ಒಂದು ಥರ ನಾಚಿಕೆ ಬಂತು, ಹೊಸ ಸೀರೆ ತೋರಿಸೋ ಹಾಗೆ. ಕೂತು, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇದು ನಮ್ಮನೇದು. ಇಲ್ಲಿ ನಮ್ಮವನ ಅಪ್ಪನ ಹೆಸ್ರು, ಆಮೇಲೆ ಅವನ ಹೆಸ್ರು ಬರ್ದಿದು. ಮೇಲಿಂದು ಸುಕ್ರಿ ಅತ್ತೇದು. ಅದರ ಮೇಲಿಂದು ಕಾಮೀದು. ಅಮಾಸೆಗೆ ಯಾರ್ ಮನೆ ಸಾಲಿಗೆ ಅವ್ರೇ ಎಣ್ಣೆ ಬಿಡದು. ಈ ಬೇಣ ನಮ್ದು ಹೇಳಿ ಅರಸ ಕೊಟ್ಟದ್ದು ಹೇಳಿ ಬರ್ದಿದು. ನಮ್ಗೆ ಓದಕೆ ಬತ್ತಿಲ್ಲೆ. ಮುಟ್ಟಕೆ ಬತ್ತು, ಅಲ್ದಾ?"

ಅವಳು ಮುಟ್ಟಿದಳು. ಮಗುವಿನ ಕೆನ್ನೆ ಮುಟ್ಟಿದ ಹಾಗೆ.

ಗಂಗೂಬಾಯಿ ನನ್ನ ಕಡೆ ನೋಡಿದ್ರು. ನಾನು ಅವರ ಕಡೆ. ನಮ್ಮಿಬ್ಬರಿಗೂ ಓದೋಕೆ ಬರ್ತಿತ್ತು. ಜೀವಮಾನದಲ್ಲಿ ಮೊದಲನೇ ಸಲ ಬರದಿದ್ರೆ ಚೆನ್ನಾಗಿತ್ತು ಅನ್ನಿಸ್ತು.

"ಕೆತ್ತಿಸಿದ್ದು ನೀವೇನಾ ಹಾಗಾದ್ರೆ?" ಬಾಯಿ ಬಹಳ ಮೆಲ್ಲಗೆ ಕೇಳಿದ್ರು.

"ಹೌದು ಅಮ್ಮಾ. ತಪ್ಪು ಹೌದು. ಆದ್ರೆ ಎಂತ ಮಾಡ್ವದು? ಅಜ್ಜನ ಕಾಲದಿಂದ ಇಲ್ಲೇ ಇದ್ರೂ ಬರ್ದದ್ದು ಇಲ್ಲೆ ಅಂದ್ರೆ ನಡೀತಿಲ್ಲೆ ಅಂದ್ರು. ಕೋರ್ಟಿಗೆ ಬಾಯಿ ಮಾತು ಕೇಳ್ತಿಲ್ಲೆ, ಅಕ್ಷರ ಮಾತ್ರ ಕೇಳ್ತು ಅಂದ್ರು. ಅದಕ್ಕೇ ಮಾಸ್ತಿಗೆ ಕೋಳಿ ಕೊಟ್ಟು, ತಪ್ಪಾತು ಹೇಳಿ ಕೈ ಮುಗ್ದು ಕೆತ್ಸಿದ್ದು. ಘಟ್ಟದ ಮೇಲಿನ ಕಲ್ಲುಕುಟಿಗ. ಸುಣ್ಣದಲ್ಲಿ ಅಕ್ಷರ ಬರ್ದು ಕೊಟ್ಟವ ಅವನೇ... ತುಳಸಿದಾಸ."

"ಸತ್ತವನಾ!" ನಾನು ಕಿರುಚಿದೆ.

"ಬರ್ದಾದ ಮೇಲೆ ನಮ್ಗೆಲ್ಲ ಓದಿ ಹೇಳ್ದ. ಆರ್ ಮನೆ ಹೆಸ್ರೂ ಓದ್ದ. ಸುಕ್ರಿ ಅತ್ತೆ ಅತ್ತಿದ್ಲು."

ಗಂಗೂಬಾಯಿ ನೆಲಕ್ಕೆ ಕೈಯೂರಿದ್ರು. ಆಮೇಲೆ ಹೊನ್ನಿಯ ಬೆರಳು ಹಿಡ್ಕೊಂಡ್ರು, ಮೊದಲನೇ ಸಾಲಿನ ಮೊದಲನೇ ಅಕ್ಷರದ ಮೇಲೆ ಇಟ್ರು.

"ನಾನೂ ಓದ್ತೇನೆ. ನಿನ್ನ ಬೆರಳು ತೆಗೀಬೇಡ."

"ಬಾಯಿ, ಬೇಡ," ಅಂದೆ.

"ಸುಮ್ನಿರು. ಇಷ್ಟು ದಿನ ಇವರಿಗೆ ಯಾರೂ ಇದ್ದದ್ದು ಇದ್ದ ಹಾಗೆ ಓದದೇ ಇದ್ದದ್ದಕ್ಕೇ ಇವಳ ಗಂಡ ಒಳಗಿರೋದು."

ಓದಿದ್ರು. ಒಂದೊಂದೇ ಶಬ್ದ, ಅವಳ ಬೆರಳನ್ನ ಅಕ್ಷರದ ಹಳ್ಳದಲ್ಲಿ ಓಡಿಸ್ತಾ.

"ಸ್ವಸ್ತಿ ಶ್ರೀ. ಈ ಬೇಣವನ್ನೂ... ಕೆಳಗಣ ಗಜನಿಯನ್ನೂ... ಒಡೆಯರ ಮನೆತನದ... ಹಿರಿಯನಿಗೆ ಅರಸರು ಕೊಟ್ಟರು... ಇಲ್ಲಿ ದುಡಿಯುವ ಆಳುಗಳು..."

ಬೆರಳು ಕೊನೆಯ ಸಾಲಿಗೆ ಬಂತು. ಹೊನ್ನಿಯ ಮನೆಯ ಸಾಲು. ಬೊಟ್ಟಿನ ಪಕ್ಕ.

"ಒಡೆಯ ಎಬ್ಬಿಸಿದ ದಿನ ಎದ್ದು ಹೋಗತಕ್ಕದ್ದು."

ಹೊನ್ನಿ ಅಳಲಿಲ್ಲ. ಬೆರಳನ್ನ ನೋಡಿಕೊಂಡಳು. ಕುಂಕುಮ ಹತ್ತಿತ್ತು. ಸೀರೆಗೆ ಒರೆಸಿದಳು. ಮತ್ತೆ ಒರೆಸಿದಳು. ಹೋಗ್ಲಿಲ್ಲ.

"ಇದಕ್ಕೇ ನಾ ಎಣ್ಣೆ ಬಿಟ್ಟೆ?" ಅಂದಳು.

ಹಿಂದೆ ಯಾವುದೋ ಮನೆಯೊಳಗೆ ತಂಬಿಗೆ ಬಿದ್ದ ಸದ್ದಾಯ್ತು. ಎಲ್ಲರಿಗೂ ಕೇಳಿತ್ತು ಅಂತ ಕಾಣ್ತದೆ.

ಒಡೆಯರು ಹೇಳಿದ್ದು ಅರ್ಧ ಸರಿ. ಕೆತ್ತಿಸಿದ್ದು ಇವರೇ. ಆದ್ರೆ ಇದುವರೆಗೂ ಇವರಿಗೆ ಅದರಲ್ಲಿ ಏನಿದೆ ಅಂತಲೇ ಗೊತ್ತಿಲ್ಲ! ತುಳಸಿದಾಸ ಮೋಸ ಮಾಡಿದ ಅಂತ ಗೊತ್ತಿಲ್ಲದ ಮೇಲೆ ಅವನನ್ನ ಕೊಲ್ಲೋದು ಯಾಕೆ? ಬೊಮ್ಮುವಿನ ಮಟ್ಟಿಗೆ ಅವನು ನೆಲ ಉಳಿಸಿಕೊಟ್ಟ ಪುಣ್ಯಾತ್ಮ.

"ಹೊನ್ನಿ, ನೆನಪು ಮಾಡ್ಕೋ," ಬಾಯಿಯ ಸ್ವರ ಈಗ ಚೂರಿಯ ಹಾಗಿತ್ತು. "ಅಚ್ಚು ತೆಗೆದ ದಿನ ಅವನು ಹೇಗಿದ್ದ?"

"ಊಟ ಮಾಡ್ಲಿಲ್ಲೆ. ಗಂಜಿ ಬಡಿಸಿಟ್ರೆ, 'ನಿಮ್ಮನೆ ಅನ್ನ ನಂಗೆ ಇಳೀತಿಲ್ಲೆ' ಅಂದ. ನಮ್ಮವಂಗೆ, 'ಬೊಮ್ಮು, ದೋಣಿ ತಾರಿ ತನಕ ಬಾ, ಕಲ್ಲಲ್ಲಿ ಎಂತ ಬರ್ದಿದು ಹೇಳಿ ನಿಂಗೆ ಹೇಳ್ಬೇಕು' ಅಂದ. ನಮ್ಮವ ನೆಗಾಡ್ದ. 'ಅದು ನಂಗೆ ಬಾಯಿಪಾಠ ಇದ್ದು ಮಾರಾಯಾ' ಅಂದ. ಹೋಗ್ಲಿಲ್ಲೆ."

ಗಂಗೂಬಾಯಿ ಕಣ್ಣು ಮುಚ್ಚಿದ್ರು.

"ಹೋಗಿದ್ರೆ ಇಬ್ಬರೂ ಬದುಕ್ತಿದ್ರೋ ಏನೋ. ಸರಿ. ಮತ್ತೆ ನಾನೇ ಕೊಂದೆ ಅಂತ ಹೆಬ್ಬೆಟ್ಟು ಯಾಕೆ ಒತ್ತಿದ?"

ಹೊನ್ನಿ ಈಗ ಕಲ್ಲಿಗೆ ಬೆನ್ನು ಮಾಡಿ ಕೂತಳು. ಮಾತು ಕಿತ್ತು ಕಿತ್ತು ಬಂತು.

"ಲಾಕಪ್ಪಿಗೆ ಬಂದು ಹೇಳಿದ್ರಡಾ. 'ನೀನು ಅಲ್ಲ ಅಂದ್ರೆ ಪೋಲೀಸ್ನವ್ರು ಊರಿಗೆ ಹೋಗಿ ಎಲ್ಲ ಕೆದಕ್ತ್ರು. ಕಲ್ಲು ನಿಮ್ಮ ಕಾಲದ್ದೇ ಅಂತ ಗೊತ್ತಾಗ್ತು. ಆರ್ ಮನೆ ನೆಲ ಹೋತು. ಒಪ್ಕಂಡ್ರೆ ಯಾರೂ ಕಲ್ಲಿನ ಸುದ್ದಿಗೆ ಬತ್ರಿಲ್ಲೆ. ನಿನ್ನ ಜೀವ ನಾ ಹೆಂಗಾದ್ರೂ ಉಳಿಸ್ತೆ.' ಅದಕ್ಕೇ ಒತ್ತಿದ. ನಂಗೂ ಸುಮ್ನಿರು ಅಂದ. 'ನಾ ಹೋದ್ರೂ ನಮ್ಮ ಸಾಲು ಇರ್ತು' ಅಂದ."

ನಾಳೆ ಅವನು ಕಟಕಟೆಯಲ್ಲಿ ನಿಂತು ತಲೆ ಕೊಡೋದು ಈ ಸಾಲಿಗಾಗಿ. ಎದ್ದು ಹೋಗತಕ್ಕದ್ದು ಅನ್ನೋ ಸಾಲಿಗಾಗಿ!

"ಯಾರು ಹೇಳಿದ್ದು ಹಾಗಂತ? ಒಡೆಯರ ಕಡೆಯವರಾ?"

"ಅಲ್ಲ ಅಮ್ಮಾ. ಅವರು ನಮ್ಮ ಕಡೆಯವ್ರೇ." ಹೊನ್ನಿ ನನ್ನ ಕಡೆ ಬೆರಳು ತೋರಿಸಿದಳು. "ಈ ತಮನ ಸಾಹುಕಾರ್ರು. ರಾಮನಾಥ ವಕೀಲ್ರು. ಬರ್ದದ್ದು ಬೇಕು ಹೇಳಿ ಮೊದ್ಲು ಹೇಳಿದ್ದೂ ಅವ್ರೇ. ತುಳಸಿದಾಸನ್ನ ಕಳಿಸಿದ್ದೂ ಅವ್ರೇ. ಒಡೇರ ದಾವೆ ಕಾಗದ ಓದಿ, ಕಲ್ಲು ನಮ್ಮ ಬದಿಗೇ ಇದ್ದು ಅಂದದ್ದೂ ಅವ್ರೇ."

ಒಡೆಯರು ನನ್ನ ಮುಖ ಯಾಕೆ ನೋಡಿದ್ರು ಅಂತ ಆಗ ಹೊಳೀತು.

ಎರಡೂ ಕಡೆ! ಇವರಿಗೆ ಒಂದು ಹೇಳಿ ಕೆತ್ತಿಸಿ, ಒಡೆಯರಿಗೆ ಇನ್ನೊಂದು ಹೇಳಿ ದಾವೆ ಹಾಕಿಸಿ... ತುಳಸಿದಾಸ ನಿಜ ಬಾಯಿಬಿಟ್ರೆ ಮೊದಲು ಸಿಕ್ಕಿಬೀಳ್ತಿದ್ದವರು ಅವರೇ. ನಾನು ದಿನಾ ಬೆಳಿಗ್ಗೆ ಅವರ ಮೇಜು ಒರೆಸಿ, ಅವರು ಹೇಳಿದ್ದನ್ನ ಬೆರಳು ನೋಯೋ ತನಕ ಟೈಪ್ ಹೊಡೆದದ್ದು ಇದಕ್ಕಾ?

ಗಂಗೂಬಾಯಿ ಎದ್ದೇ ಬಿಟ್ರು.

"ಮಾದೇವಾ, ಗಾಡಿ ಕಟ್ಟಿಸು. ಬೊಮ್ಮುವಿಗೆ ಇದನ್ನ ಇವತ್ತೇ ಹೇಳ್ಬೇಕು. ನಾಳೆ ಅವನು ಬಾಯಿ ಬಿಡೋ ಮೊದಲು. ಲಾಕಪ್ಪಿನ ಒಳಗೆ ನನ್ನನ್ನ ಬಿಡಲ್ಲ. ವಕೀಲರ ಗುಮಾಸ್ತ ಅಂದ್ರೆ ನಿನ್ನ ಬಿಡ್ತಾರೆ. ನೀನೇ ಹೋಗು, ಸಾಲು ಸಾಲಾಗಿ ಓದಿ ಹೇಳು ಅವನಿಗೆ."

"ನಾನೂ ಬತ್ತೆ," ಹೊನ್ನಿ ಎದ್ದಳು. "ನೀವು ಹೇಳಿದ್ರೆ ಅವ ನಂಬ್ತಿಲ್ಲೆ. ನಾ ಹೇಳ್ರೆ ನಂಬ್ತ."

ಅಷ್ಟರಲ್ಲಿ ಮಾವಿನ ತೋಪಿನ ಆಚೆ ಮೋಟಾರಿನ ಹಾರನ್ ಕೇಳಿಸ್ತು.

ಈ ಗಾಡಿದಾರಿಗೆ ಮೋಟಾರು ಬರೋದೇ ಅಪರೂಪ. ಕೆಂಪು ಧೂಳು ಮೇಲೆದ್ದಿತು, ನಿಂತಿತು. ಬಾಗಿಲು ತೆಗೆದ ಸದ್ದು. ಒಂದು, ಎರಡು, ಮೂರು.

ಮುಂದೆ ಬಂದವರು ರಾಮನಾಥ ವಕೀಲರು. ಭಾನುವಾರವೂ ಕರಿ ಕೋಟು, ಕಂಕುಳಲ್ಲಿ ಕೊಡೆ, ಯಾವಾಗಿನ ಅದೇ ಮೆತ್ತಗಿನ ನಗು. ಹಿಂದೆ ಇಬ್ಬರು ಪೋಲೀಸರು.

"ಅರೆ, ಮಾದೇವಾ! ಇಲ್ಲೇ ಇದ್ದೀಯಾ? ಬಾಯಿಯವರೂ ಬಂದಿದಾರೆ. ಒಳ್ಳೇದೇ ಆಯ್ತು." ಅವರ ಕಣ್ಣು ಕಲ್ಲಿನ ಮೇಲೆ ಒಂದು ಗಳಿಗೆ ನಿಂತಿತು. ಒರೆಸಿ ಹೋದ ಕುಂಕುಮದ ಮೇಲೆ. ಆಮೇಲೆ ಹೊನ್ನಿಯ ಮೇಲೆ. "ಸಿಹಿ ಸುದ್ದಿ ತಂದಿದೇನೆ ಹೊನ್ನಿ. ನಿನ್ನ ಗಂಡನ ಜೀವ ಉಳೀತು."

ಹೊನ್ನಿ ಒಂದು ಹೆಜ್ಜೆ ಹಿಂದೆ ಸರಿದವಳು ಅಲ್ಲೇ ನಿಂತಳು.

"ಉಳೀತಾ?"

"ಇವತ್ತು ಬೆಳಿಗ್ಗೆ ಹೊಸ ಹೇಳಿಕೆ ಕೊಟ್ಟ. ಹೆಬ್ಬೆಟ್ಟೂ ಒತ್ತಿದ. ನಾಳೆ ಅವನನ್ನ ಬಿಡಲೇಬೇಕು." ಕೋಟಿನ ಒಳಜೇಬಿನಿಂದ ಮಡಚಿದ ಕಾಗದ ತೆಗೆದು, ನನ್ನ ಕಡೆ ಚಾಚಿದ್ರು. "ಪಾಪ, ಇವಳಿಗೆ ಓದೋಕೆ ಬರಲ್ಲ. ನೀನು ಓದಿ ಹೇಳು ಮಾದೇವಾ. ಜೋರಾಗಿ ಓದು, ಕೇರಿಗೆಲ್ಲ ಕೇಳ್ಲಿ."

ಗಂಗೂಬಾಯಿ ನನ್ನ ಮೊಣಕೈ ಹಿಡಿದ್ರು.

ಕಾಗದ ಬಿಡಿಸಿದೆ. ಕೆಳಗೆ ಬೊಮ್ಮುವಿನ ಹೆಬ್ಬೆಟ್ಟು, ನೇರಳೆ ಮಸಿ, ದೊಡ್ಡದಾಗಿ, ಒಂದು ಗೆರೆಯೂ ಹಾಳಾಗದೇ ಮೂಡಿತ್ತು. ಓದೋಕೆ ಬರದಿದ್ರೂ ಮನಸ್ಸಿಟ್ಟು ಒತ್ತಿದ್ದ ಪಾಪದವ.

ಮೇಲಿನ ಮೊದಲನೇ ಸಾಲು ಓದಿದೆ. ಬಾಯೊಳಗೇ.

'ತುಳಸಿದಾಸನನ್ನು ಕೊಂದವಳು ನನ್ನ ಹೆಂಡತಿ ಹೊನ್ನಿ. ನಾನು ಕಣ್ಣಾರೆ ಕಂಡಿದ್ದೇನೆ.'

ಪೋಲೀಸರಲ್ಲಿ ಒಬ್ಬ ಮೆಲ್ಲಗೆ ಅವಳ ಹಿಂದೆ ಹೋಗಿ ನಿಂತ. ಅವನ ಕೈಯಲ್ಲಿ ಕಬ್ಬಿಣ ಕಿಣಿಕಿಣಿ ಅಂತು.

ಹೊನ್ನಿಗೆ ಅದು ಕೇಳಿಸಲೇ ಇಲ್ಲ. ಅವಳು ನನ್ನ ತೋಳು ಹಿಡ್ಕೊಂಡು, ನನ್ನ ಬಾಯನ್ನೇ ನೋಡ್ತಾ ಇದ್ದಳು. ಬೆಳಿಗ್ಗೆಯಿಂದ ಮೊದಲನೇ ಸಲ ಅವಳ ಮುಖದಲ್ಲಿ ನಗು.

"ಓದು ತಮಾ," ಅಂದಳು. "ನಮ್ಮವ ಎಂತ ಹೇಳಿದ?"